ಗುಂಡು ಹಾರಿಸೋದು ಕೊನೆಯ ಕೆಲಸ

2022ರ ಫೆಬ್ರವರಿ ಕೊನೆಯಲ್ಲಿ ರಷ್ಯಾದ ಸೈನ್ಯ ಉಕ್ರೇನ್‌ಗೆ ನುಗ್ಗಿದಾಗ ಒಂದು ವಿಡಿಯೊ ಪ್ರಪಂಚವನ್ನೆಲ್ಲ ಸುತ್ತಿತು. ಉಕ್ರೇನಿನ ಒಬ್ಬನೇ ಪೈಲಟ್ ಶತ್ರು ವಿಮಾನಗಳನ್ನು ಸಾಲಾಗಿ ಕೆಡವುತ್ತಿದ್ದಾನೆ, ಜನ ಅವನನ್ನು 'ಕೀವ್‌ನ ಭೂತ' ಅಂತ ಕರೆಯುತ್ತಿದ್ದಾರೆ ಅನ್ನೋದು ಅದರ ಕಥೆ. ಆ ತುಣುಕು ನಿಜವಾದ ಯುದ್ಧದ್ದಲ್ಲ. ಡಿಸಿಎಸ್ ವರ್ಲ್ಡ್ ಎಂಬ ಕಂಪ್ಯೂಟರ್ ಸಿಮ್ಯುಲೇಟರ್‌ನಿಂದ ತೆಗೆದದ್ದು. ಎರಡು ತಿಂಗಳಾದ ಮೇಲೆ ಉಕ್ರೇನ್ ವಾಯುಪಡೆಯೇ ಮುಂದೆ ಬಂದು, ಅದು ಜನ ಕಟ್ಟಿಕೊಂಡ ಕಥಾನಾಯಕ, ಅಂಥ ಒಬ್ಬ ಪೈಲಟ್ ಇಲ್ಲ ಅಂತ ಹೇಳಿತು.

2025ರ ಮೇ ತಿಂಗಳಲ್ಲಿ ಭಾರತ-ಪಾಕಿಸ್ತಾನದ ನಡುವೆ ಕ್ಷಿಪಣಿ ಹಾರಿದ ದಿನಗಳಲ್ಲಿ ನಮ್ಮೂರ ಫೋನ್‌ಗಳಿಗೂ ಇದೇ ಬಗೆಯ ಸರಕು ಬಂತು. ವಿಡಿಯೊ ಗೇಮಿನ ತುಣುಕುಗಳು 'ಈಗಷ್ಟೇ ನಡೆದ ದಾಳಿ' ಎಂಬ ಹೆಸರಿನಲ್ಲಿ ಗ್ರೂಪಿನಿಂದ ಗ್ರೂಪಿಗೆ ಹರಿದವು. ಸುಳ್ಳು ಸುದ್ದಿ ಪತ್ತೆ ಮಾಡುವವರು ಒಂದನ್ನು ಸುಳ್ಳು ಅಂತ ತೋರಿಸುವಷ್ಟರಲ್ಲಿ ಇನ್ನೆರಡು ಬರುತ್ತಿದ್ದವು.

ಇದಕ್ಕೆ ಹಿರಿಯರು ಹೇಳುವ ಮದ್ದು ಒಂದೇ: ಈ ಗೇಮ್‌ಗಳನ್ನೆಲ್ಲ ಬಂದ್ ಮಾಡಿಸಿ. ನಮ್ಮ ಅಭಿಪ್ರಾಯ ಬೇರೆ. ಆಡುವುದಾದರೆ ಪೂರ್ತಿ ಆಡಿ, ಅರೆಬರೆ ಆಡಬೇಡಿ ಅನ್ನೋದು ನಮ್ಮ ಮಾತು. ಅದರಲ್ಲೂ ಎರಡನೇ ಮಹಾಯುದ್ಧದ ಹಳೇ ಫೈಟರ್ ವಿಮಾನಗಳನ್ನು, ಸಿಮ್ಯುಲೇಟರ್‌ನಲ್ಲಿ ಯಾವ ಸುಲಭದ ಆಯ್ಕೆಯನ್ನೂ ಒತ್ತದೆ, ಆಗಿನ ಪೈಲಟ್ ಹೇಗೆ ನಡೆಸುತ್ತಿದ್ದನೋ ಹಾಗೇ ನಡೆಸಿ ನೋಡಿದವರಿಗೆ ಒಂದು ವಿಷಯ ಮೈಗೆ ಹತ್ತುತ್ತದೆ. ಫೈಟರ್ ವಿಮಾನ ಅಂದರೆ ರೆಕ್ಕೆ ಹಚ್ಚಿದ ಬಂದೂಕು ಅಲ್ಲ. ಅದು ಮೊದಲು ಎಂಜಿನ್, ಆಮೇಲೆ ಡೀಸೆಲ್ ಟ್ಯಾಂಕಿನಂಥ ಒಂದು ಪೆಟ್ರೋಲ್ ಟ್ಯಾಂಕು, ಆಮೇಲೆ ಕಣ್ಣು. ಗುಂಡು ಹಾರಿಸೋದು ಎಲ್ಲಕ್ಕಿಂತ ಕೊನೆಯ, ಎಲ್ಲಕ್ಕಿಂತ ಚಿಕ್ಕ ಕೆಲಸ. ಇಷ್ಟು ಗೊತ್ತಿರುವವನ ಮುಂದೆ ಒಬ್ಬನೇ ಪೈಲಟ್ ಸಾಲಾಗಿ ವಿಮಾನ ಕೆಡವುವ ವಿಡಿಯೊ ಹಿಡಿದರೆ, ಅವನು ಫಾರ್ವರ್ಡ್ ಮಾಡುವ ಮೊದಲು ಒಂದು ಪ್ರಶ್ನೆಯನ್ನಾದರೂ ಕೇಳುತ್ತಾನೆ.

ಫೋನಿನಲ್ಲಿ ಸಿಗುವ ವಿಮಾನದ ಆಟಗಳನ್ನು ನೀವು ನೋಡಿರುತ್ತೀರಿ. ಬೆರಳು ಒತ್ತಿದರೆ ವಿಮಾನ ಮೇಲಕ್ಕೆ. ಶತ್ರುವಿನ ತಲೆ ಮೇಲೆ ಕೆಂಪು ಗುರುತು. ಗುಂಡು ಮುಗಿದರೆ ಆಕಾಶದಲ್ಲೇ ಮತ್ತೆ ತುಂಬಿಕೊಳ್ಳುತ್ತದೆ. ಇದಕ್ಕೆ ಆರ್ಕೇಡ್ ಆಟ ಅಂತಾರೆ. ಸಿಮ್ಯುಲೇಟರ್ ಬೇರೆ ಜಾತಿ. 2001ರಲ್ಲಿ ಬಂದ 'ಐಎಲ್-2 ಸ್ಟರ್ಮೊವಿಕ್' ಎಂಬ ರಷ್ಯನ್ ಸಿಮ್ಯುಲೇಟರ್ ಮತ್ತು ಅದರ ಮುಂದಿನ ಪೀಳಿಗೆ, ಡಿಸಿಎಸ್ ವರ್ಲ್ಡ್‌ನಲ್ಲಿ ಸಿಗುವ ಸ್ಪಿಟ್‌ಫೈರ್, ಮಸ್ಟಾಂಗ್, ಜರ್ಮನಿಯ ಮೆಸರ್‌ಸ್ಮಿಟ್ 109, ರಷ್ಯಾದ ಐ-16 ಇವೆಲ್ಲ ಕಂಪ್ಯೂಟರ್‌ನಲ್ಲಿ ಓಡುವಂಥವು. ಡಿಸಿಎಸ್‌ನಲ್ಲಂತೂ ವಿಮಾನದೊಳಗಿನ ಒಂದೊಂದು ಸ್ವಿಚ್ಚೂ ಒತ್ತಿದರೆ ಒತ್ತುತ್ತದೆ, ಬಿಟ್ಟರೆ ಬಿಡುತ್ತದೆ.

ಸಿಮ್ಯುಲೇಟರ್ ಅನ್ನೋದು ಕಂಪ್ಯೂಟರ್‌ಗಿಂತ ಹಳೆಯದು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್‌ನಲ್ಲಿ ಎಡ್ವಿನ್ ಲಿಂಕ್ ಎಂಬಾತನ ಮನೆಯವರು ಆರ್ಗನ್ ವಾದ್ಯ ತಯಾರಿಸುತ್ತಿದ್ದರು. ಹಾರ್ಮೋನಿಯಂನಲ್ಲಿ ಗಾಳಿ ಊದುವ ತಿದಿ ಇರುತ್ತದಲ್ಲ, ಅಂಥದ್ದೇ ತಿದಿಗಳ ಮೇಲೆ ಮರದ ಪುಟ್ಟ ವಿಮಾನವೊಂದನ್ನು ಕೂರಿಸಿ, ಕೋಲು ಅಲ್ಲಾಡಿಸಿದರೆ ಅದು ವಾಲುವಂತೆ 1929ರ ಹೊತ್ತಿಗೆ ಮಾಡಿದ. ಮೊದಲು ಅದನ್ನು ಕೊಂಡವರು ಜಾತ್ರೆಯ ತೊಟ್ಟಿಲು ನಡೆಸುವಂಥ ಮನರಂಜನೆ ಪಾರ್ಕ್‌ನವರು. 1934ರಲ್ಲಿ ಅಮೆರಿಕದ ಸೈನ್ಯದ ಪೈಲಟ್‌ಗಳು ಕೆಟ್ಟ ಹವೆಯಲ್ಲಿ ಟಪಾಲು ಸಾಗಿಸಲು ಹೋಗಿ ಒಬ್ಬರ ಹಿಂದೊಬ್ಬರು ಸತ್ತಾಗ ಸೈನ್ಯಕ್ಕೆ ಅದರ ಬೆಲೆ ತಿಳಿಯಿತು, ಆರು ಯಂತ್ರ ಕೊಂಡಿತು. ಎರಡನೇ ಮಹಾಯುದ್ಧದಲ್ಲಿ ಲಕ್ಷಗಟ್ಟಲೆ ಪೈಲಟ್‌ಗಳು ಆ ತಿದಿಯ ಮೇಲೆ ಕೂತೇ ಕಲಿತರು. ಆಟಿಕೆ ಅಂತ ನಕ್ಕವರ ಬಾಯಿ ಮುಚ್ಚಿಸಿದ ಆಟಿಕೆ ಅದು.

ಈಗ ಒಂದು ಹಳೇ ವಿಮಾನದೊಳಗೆ ಕೂರೋಣ. ಬ್ರಿಟನ್ನಿನ ಸ್ಪಿಟ್‌ಫೈರ್. 1936ರ ಮಾರ್ಚ್‌ನಲ್ಲಿ ಮೊದಲು ಹಾರಿದ್ದು. ಮೂತಿಯಲ್ಲಿ 12 ಸಿಲಿಂಡರಿನ, 27 ಲೀಟರ್ ಗಾತ್ರದ ಮರ್ಲಿನ್ ಎಂಜಿನ್. ಎಂಜಿನ್ ಶುರುವಾದ ಕೂಡಲೇ ಗಡಿಯಾರದ ಜೊತೆ ನಿಮ್ಮ ಜಗಳ ಶುರು. ಯಾಕಂದರೆ ಇದರ ರೇಡಿಯೇಟರ್ ರೆಕ್ಕೆಯ ಅಡಿಯಲ್ಲಿದೆ, ಮುಂದಿನ ಫ್ಯಾನಿನ ಗಾಳಿ ಅದಕ್ಕೆ ಸರಿಯಾಗಿ ತಾಗುವುದಿಲ್ಲ, ಸಾಲದ್ದಕ್ಕೆ ಇಳಿಬಿದ್ದ ಚಕ್ರದ ಕಾಲು ಅಡ್ಡ ನಿಂತಿರುತ್ತದೆ. ನೆಲದ ಮೇಲೆ ಕೆಲವು ನಿಮಿಷ ನಿಂತರೆ ನೀರು ಕುದಿಯುವ ಹಂತಕ್ಕೆ ಬರುತ್ತದೆ. ರೇಡಿಯೇಟರ್ ಬಿಸಿಯಾದ ಟ್ರ್ಯಾಕ್ಟರ್‌ನ ಮುಚ್ಚಳ ತೆಗೆಯಲು ಹೋಗಿ ಕೈ ಸುಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಂತ ಬೇಗ ಹೊರಡೋಣ ಅಂದರೆ ಎಣ್ಣೆ ಇನ್ನೂ ಬೆಚ್ಚಗಾಗಿರುವುದಿಲ್ಲ. ಎದುರಿಗೆ ಉದ್ದ ಮೂತಿ ಅಡ್ಡ ಇರುವುದರಿಂದ ಮುಂದೆ ಏನಿದೆ ಅಂತಲೇ ಕಾಣದು. ಹಾವಿನ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸುತ್ತಾ, ಪಕ್ಕದಿಂದ ಇಣುಕುತ್ತಾ ರನ್‌ವೇವರೆಗೆ ಹೋಗಬೇಕು.

ರನ್‌ವೇಯಲ್ಲಿ ಒಮ್ಮೆಗೇ ಆಕ್ಸಿಲರೇಟರ್ ಕೊಟ್ಟರೆ ವಿಮಾನ ಎಡಕ್ಕೆ ಎಳೆದುಕೊಂಡು ಹೋಗುತ್ತದೆ. ಪ್ರೊಪೆಲ್ಲರ್ ಬಲಕ್ಕೆ ಸುತ್ತುವುದರ ಫಲ ಅದು. ಬಲಗಾಲಿನ ಪೆಡಲ್ ಒತ್ತಿ ಹಿಡಿದು, ಥ್ರಾಟಲನ್ನು ಮೆತ್ತಗೆ ತಳ್ಳಬೇಕು. ಇಲ್ಲೊಂದು ತಮಾಷೆಯಿದೆ. ಮುಂದೆ ಸ್ಪಿಟ್‌ಫೈರ್‌ಗೆ ಗ್ರಿಫನ್ ಎಂಬ ಇನ್ನೂ ದೊಡ್ಡ ಎಂಜಿನ್ ಹಾಕಿದರು. ಅದು ಎಡಕ್ಕೆ ಸುತ್ತುವ ಎಂಜಿನ್. ಬಲಗಾಲು ಒತ್ತಿಯೇ ಅಭ್ಯಾಸವಾದ ಪೈಲಟ್ ಅದೇ ಅಭ್ಯಾಸದಲ್ಲಿ ಒತ್ತಿದರೆ ನೆಟ್ಟಗೆ ರನ್‌ವೇಯ ಬಲಗಡೆಯ ಹುಲ್ಲಿಗೆ.

ಮೇಲೆದ್ದ ಮೇಲೆ ಚಕ್ರ ಒಳಗೆ ಎಳೆದುಕೊಳ್ಳಬೇಕು. ಮೊದಮೊದಲ ಸ್ಪಿಟ್‌ಫೈರ್‌ಗಳಲ್ಲಿ ಇದಕ್ಕೆ ಕೈಪಂಪು ಇತ್ತು. ಬಲಗೈ ಪಂಪು ಒತ್ತುವಾಗ ಎಡಗೈ ಸ್ಟಿಕ್ ಹಿಡಿದಿರಬೇಕು, ಒಂದು ಕೈ ಆಡಿದ ಹಾಗೆ ಇನ್ನೊಂದೂ ಆಡಿ ವಿಮಾನ ಅಲೆಯಂತೆ ಏರಿಳಿಯುತ್ತಿತ್ತು. ರಷ್ಯಾದ ಐ-16 ಇನ್ನೂ ಮಜಾ. ಬಾವಿ ರಾಟೆಯ ಹಾಗೆ ಒಂದು ಹಿಡಿಯನ್ನು 44 ಸುತ್ತು ತಿರುವಬೇಕು. ಸಿಮ್ಯುಲೇಟರ್‌ನಲ್ಲೂ ಅಷ್ಟೇ ಸುತ್ತು. ಎದುರಿಗೆ ಶತ್ರು ಬಂದರೂ ಅದು 43ಕ್ಕೆ ಮುಗಿಯುವುದಿಲ್ಲ.

ಇನ್ನು ಎಡಗೈ. ನಮ್ಮ ಪ್ರಕಾರ ಈ ಹಳೇ ವಿಮಾನಗಳ ಯುದ್ಧ ನಡೆಯುವುದೇ ಎಡಗೈಯಲ್ಲಿ. ಅಲ್ಲಿ ಮೂರು ಲಿವರ್. ಒಂದು ಥ್ರಾಟಲ್, ಎಂಜಿನ್‌ಗೆ ಎಷ್ಟು ಒತ್ತಡದಲ್ಲಿ ಗಾಳಿ ತುಂಬಬೇಕು ಅನ್ನೋದಕ್ಕೆ. ಇನ್ನೊಂದು ಪ್ರೊಪೆಲ್ಲರ್‌ನದು. ಅದನ್ನು ಟ್ರ್ಯಾಕ್ಟರ್‌ನ ಗೇರ್ ಅಂದುಕೊಳ್ಳಿ, ಎಂಜಿನ್ ಎಷ್ಟು ಸುತ್ತು ತಿರುಗಬೇಕು ಅನ್ನೋದನ್ನು ಅದು ಹಿಡಿದಿಡುತ್ತದೆ. ಮೂರನೆಯದು ಮಿಕ್ಸ್‌ಚರ್, ಗಾಳಿಗೆ ಎಷ್ಟು ಪೆಟ್ರೋಲ್ ಅನ್ನೋದಕ್ಕೆ. ಶಕ್ತಿ ಹೆಚ್ಚು ಬೇಕಾದಾಗ ಮೊದಲು ಸುತ್ತು ಏರಿಸಿ ಆಮೇಲೆ ಥ್ರಾಟಲ್. ಕಡಿಮೆ ಮಾಡುವಾಗ ಉಲ್ಟಾ, ಮೊದಲು ಥ್ರಾಟಲ್ ಆಮೇಲೆ ಸುತ್ತು. ಇದು ತಪ್ಪಿದರೆ ಹೇರು ತುಂಬಿದ ಟ್ರೈಲರನ್ನು ಟಾಪ್ ಗೇರ್‌ನಲ್ಲೇ ದಿಬ್ಬ ಹತ್ತಿಸಿದ ಹಾಗೆ, ಎಂಜಿನ್ ಒಳಗೊಳಗೇ ಬಡಿದುಕೊಳ್ಳುತ್ತದೆ. ಅಮೆರಿಕದ ಮಸ್ಟಾಂಗ್ ವಿಮಾನದಲ್ಲಿ ಮೇಲೇರುವಾಗ 61 ಇಂಚು ಒತ್ತಡ, 3000 ಸುತ್ತು. ಎಷ್ಟು ಹೊತ್ತು ಬೇಕಾದರೂ ಓಡಿಸಬಹುದಾದ ಮಿತಿ 46 ಇಂಚು, 2700 ಸುತ್ತು. ಜೀವಕ್ಕೆ ಬಂದಾಗ ಮಾತ್ರ 67 ಇಂಚು, ಅದೂ ಐದು ನಿಮಿಷ. ಆ ಕೊನೆಯ ಹಂತಕ್ಕೆ ಹೋಗುವ ದಾರಿಯಲ್ಲಿ ತೆಳುವಾದ ತಂತಿ ಕಟ್ಟಿರುತ್ತಿದ್ದರು. ಪೈಲಟ್ ಅದನ್ನು ಹರಿದಿದ್ದರೆ ಕೆಳಗಿದ್ದ ಮೆಕ್ಯಾನಿಕ್‌ಗೆ ಗೊತ್ತಾಗಿಬಿಡುತ್ತಿತ್ತು, ಇವತ್ತು ಎಂಜಿನ್ ಬಿಚ್ಚಿ ನೋಡಬೇಕು ಅಂತ.

ಈ ಐದು ನಿಮಿಷದ ವಿಷಯದಲ್ಲಿ ಸಿಮ್ಯುಲೇಟರ್ ಮಾಡುವವರ ಮೇಲೂ ನಮಗೊಂದು ತಕರಾರಿದೆ. ಕೆಲವು ಸಿಮ್ಯುಲೇಟರ್‌ಗಳಲ್ಲಿ ಈ ಮಿತಿಯನ್ನು ಗಡಿಯಾರದ ಬಾಂಬಿನ ಹಾಗೆ ಕೂರಿಸಿಬಿಟ್ಟಿದ್ದರು. ಸಮಯ ಮೀರಿದರೆ ಎಂಜಿನ್ ಢಮಾರ್. ನಿಜದಲ್ಲಿ ಕೈಪಿಡಿಯ ಆ ಮಿತಿ ಎಂಜಿನ್ನಿನ ಆಯುಸ್ಸು ಉಳಿಸಲು ಬರೆದದ್ದು, ಆರನೇ ನಿಮಿಷಕ್ಕೆ ಯಮ ಬರುತ್ತಾನೆ ಅಂತ ಅಲ್ಲ. ಜೀವ ಉಳಿಸಿಕೊಳ್ಳಲು ಅದನ್ನು ಮೀರಿದ ಪೈಲಟ್‌ಗಳು ಬೇಕಾದಷ್ಟು. ರಿಯಲಿಸ್ಟಿಕ್ ಅಂದರೆ ಕಷ್ಟ ಅಂತ ಅರ್ಥವಲ್ಲ. ಜರ್ಮನಿಯ ಫೊಕ್-ವುಲ್ಫ್ 190ರಲ್ಲಿ ಈ ಮೂರೂ ಲಿವರಿನ ಕೆಲಸವನ್ನು ಒಂದು ಯಾಂತ್ರಿಕ ಪೆಟ್ಟಿಗೆಯೇ ನೋಡಿಕೊಳ್ಳುತ್ತಿತ್ತು, ಪೈಲಟ್‌ಗೆ ಒಂದೇ ಲಿವರ್. ಆ ವಿಮಾನವನ್ನು ರಿಯಲಿಸ್ಟಿಕ್ಕಾಗಿ ಹಾರಿಸಿದರೆ ಎಡಗೈಗೆ ಆರಾಮೇ. ಆ ಆರಾಮು ಜರ್ಮನ್ನರು ದುಡಿದು ಗಳಿಸಿದ್ದು, ಆಟದವರು ದಯಪಾಲಿಸಿದ್ದಲ್ಲ.

ಈಗ ಶತ್ರು ಕಂಡ ಅಂದುಕೊಳ್ಳಿ. 1940ರ ಬೇಸಿಗೆ, ಇಂಗ್ಲೆಂಡಿನ ಮೇಲೆ. ಎದುರಿಗಿದ್ದ ಮೆಸರ್‌ಸ್ಮಿಟ್ 109 ಮೂತಿ ಕೆಳಗೆ ಮಾಡಿ ಡೈವ್ ಹೊಡೆಯಿತು. ನೀವೂ ಹಾಗೇ ಮೂತಿ ತಗ್ಗಿಸಿದಿರಿ. ನಿಮ್ಮ ಎಂಜಿನ್ ಕೆಮ್ಮಿ ನಿಂತಿತು! ಕಾರಣ ಕಾರ್ಬ್ಯುರೇಟರ್. ನಿಮ್ಮ ಬೈಕಿನಲ್ಲಿರುವಂತೆ ಮರ್ಲಿನ್ ಎಂಜಿನ್‌ಗೂ ಫ್ಲೋಟ್ ಇರುವ ಕಾರ್ಬ್ಯುರೇಟರ್ ಇತ್ತು. ವಿಮಾನ ತಟ್ಟನೆ ಮೂತಿ ತಗ್ಗಿಸಿದರೆ ಅದರೊಳಗಿನ ಪೆಟ್ರೋಲ್ ಮೇಲಕ್ಕೆ ಚಿಮ್ಮಿ ಎಂಜಿನ್‌ಗೆ ಮೊದಲು ಸಿಗುತ್ತಲೇ ಇರಲಿಲ್ಲ, ಆಮೇಲೆ ಒಮ್ಮೆಗೇ ಅತಿಯಾಗಿ ನುಗ್ಗುತ್ತಿತ್ತು. ಜರ್ಮನ್ ಎಂಜಿನ್‌ನಲ್ಲಿ ಪೆಟ್ರೋಲನ್ನು ನೇರ ಸಿಲಿಂಡರಿಗೆ ಇಂಜೆಕ್ಟ್ ಮಾಡುತ್ತಿದ್ದರು, ಅವರಿಗೆ ಈ ತೊಂದರೆ ಇರಲಿಲ್ಲ. ಹಾಗಾಗಿ ಬ್ರಿಟಿಷ್ ಪೈಲಟ್ ಮೊದಲು ವಿಮಾನವನ್ನು ಮಗುಚಿ, ತಲೆಕೆಳಗಾಗಿ, ಆಮೇಲೆ ಸ್ಟಿಕ್ ಎಳೆದು ಕೆಳಗಿಳಿಯಬೇಕಿತ್ತು. ಅಷ್ಟರಲ್ಲಿ ಶತ್ರು ಪಾರು.

ಇದಕ್ಕೆ ಔಷಧ ಕಂಡುಹಿಡಿದವರು ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಮಹಿಳಾ ಎಂಜಿನಿಯರ್, ಫಾರ್ನ್‌ಬರೊದ ಸಂಶೋಧನಾ ಕೇಂದ್ರದವರು, ಮೋಟರ್‌ಸೈಕಲ್ ರೇಸಿನಲ್ಲೂ ಹೆಸರು ಮಾಡಿದವರು. ಪೆಟ್ರೋಲ್ ಕೊಳವೆಯಲ್ಲಿ ಕೂರಿಸುವ, ನಡುವೆ ತೂತಿರುವ ಒಂದು ಪುಟ್ಟ ಹಿತ್ತಾಳೆ ತುಣುಕು, ಅಷ್ಟೇ. ಎಷ್ಟು ಬೇಕೋ ಅಷ್ಟೇ ಪೆಟ್ರೋಲ್ ಬಿಡುವ ಆ ತೂತು 1941ರ ಮೊದಲ ತಿಂಗಳುಗಳಲ್ಲಿ ವಾಯುನೆಲೆಯಿಂದ ವಾಯುನೆಲೆಗೆ ಹೋಗಿ ವಿಮಾನಗಳಿಗೆ ಕೂತಿತು. ಆರ್ಕೇಡ್ ಆಟದಲ್ಲಿ ಎಂಜಿನ್ ಕೆಮ್ಮುವುದೇ ಇಲ್ಲ. ಕೆಮ್ಮದ ಎಂಜಿನ್ ಇರುವ ಆಟದಲ್ಲಿ ಈ ಹೆಣ್ಣುಮಗಳಿಗೆ ಜಾಗವೇ ಇಲ್ಲ. ನಮಗೆ ಸಿಟ್ಟು ಬರುವುದು ಇಂಥ ಕಡೆ.

ಗುಂಡಿನ ಲೆಕ್ಕವನ್ನೂ ಕೇಳಿ. ಮೊದಲ ಸ್ಪಿಟ್‌ಫೈರ್‌ನ ಎಂಟು ಗನ್‌ಗಳಲ್ಲಿ ತಲಾ 300 ಗುಂಡು. ಒತ್ತಿ ಹಿಡಿದರೆ ಸುಮಾರು 15 ಸೆಕೆಂಡಿನಲ್ಲಿ ಖಾಲಿ. ಮುಗಿದ ಮೇಲೆ ಇಳಿದು ತುಂಬಿಸಿಕೊಂಡು ಬರಬೇಕು. ಆಚೆ ಕಡೆಯವರಿಗೆ ಪೆಟ್ರೋಲಿನ ಲೆಕ್ಕ. ಮೆಸರ್‌ಸ್ಮಿಟ್ 109ರ ಟ್ಯಾಂಕಿಗೆ ಹಿಡಿಯುತ್ತಿದ್ದದ್ದು 400 ಲೀಟರ್. ಫ್ರಾನ್ಸಿನಿಂದ ಕಡಲು ದಾಟಿ ಲಂಡನ್ ಮೇಲೆ ಬಂದರೆ ಕಾದಾಡಲು ಉಳಿಯುತ್ತಿದ್ದದ್ದು ಹತ್ತು-ಹದಿನೈದು ನಿಮಿಷ. ಆಮೇಲೂ ನಿಂತವರು ವಾಪಸ್ ಹೋಗುವಾಗ ಕಡಲಿಗೆ ಬಿದ್ದರು. 1944ರಲ್ಲಿ ಇಂಗ್ಲೆಂಡಿನಿಂದ ಬರ್ಲಿನ್‌ವರೆಗೆ ಹೋಗಿ ಬಂದ ಮಸ್ಟಾಂಗ್‌ಗೆ ಪೈಲಟ್‌ನ ಬೆನ್ನ ಹಿಂದೆ ಇನ್ನೊಂದು ಟ್ಯಾಂಕ್ ಇಟ್ಟರು. ಅದು ತುಂಬಿದ್ದಾಗ ಬಾಲ ಭಾರ, ಜೋರಾಗಿ ತಿರುಗಿಸಿದರೆ ವಿಮಾನ ಗಿರಗಿರನೆ ಸುತ್ತಿ ಬೀಳುವ ಭಯ. ಹಾಗಾಗಿ ಮೊದಲು ಆ ಟ್ಯಾಂಕ್ ಖಾಲಿ ಮಾಡಿ ಆಮೇಲೆ ಯುದ್ಧ. ಸಿಮ್ಯುಲೇಟರ್‌ನಲ್ಲಿ ಟ್ಯಾಂಕ್ ಬದಲಿಸದೆ ಕಾದಾಟಕ್ಕೆ ಇಳಿದವನು ಬೀಳುತ್ತಾನೆ. ಬಿದ್ದವನು 'ಈ ವಿಮಾನವೇ ಸರಿಯಿಲ್ಲ' ಅಂತಾನೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ.

ಅಭ್ಯಾಸ ಎಷ್ಟು ದೊಡ್ಡದು ಅನ್ನೋದಕ್ಕೆ ಪೋಲೆಂಡಿನ ಪೈಲಟ್‌ಗಳ ಕಥೆ ಸಾಕು. ಜರ್ಮನಿ ಅವರ ದೇಶ ನುಂಗಿದ ಮೇಲೆ ಬ್ರಿಟನ್ನಿಗೆ ಬಂದ ಇವರು ಪಳಗಿದ ಯೋಧರು. ಆದರೆ ಅವರು ಕಲಿತಿದ್ದ ವಿಮಾನಗಳಲ್ಲಿ ಥ್ರಾಟಲನ್ನು ಹಿಂದಕ್ಕೆ ಎಳೆದರೆ ಶಕ್ತಿ ಹೆಚ್ಚು, ಬ್ರಿಟಿಷ್ ವಿಮಾನದಲ್ಲಿ ಮುಂದಕ್ಕೆ ತಳ್ಳಿದರೆ ಹೆಚ್ಚು. ಅವರ ಹಳೇ ವಿಮಾನದ ಚಕ್ರ ಯಾವಾಗಲೂ ಕೆಳಗೇ ಇರುತ್ತಿತ್ತು, ಇಲ್ಲಿ ನೆನಪಿಟ್ಟು ಇಳಿಸಬೇಕು. ಕೆಲವರು ಮರೆತು ಹೊಟ್ಟೆಯ ಮೇಲೆ ಇಳಿದರು. ಕೈ ಹೊಸ ಯಂತ್ರಕ್ಕೆ ಒಗ್ಗಿದ ಮೇಲೆ ಇವರ 303ನೇ ಸ್ಕ್ವಾಡ್ರನ್ ಬ್ರಿಟನ್ ಕದನದಲ್ಲಿ 126 ವಿಮಾನ ಕೆಡವಿದ ಲೆಕ್ಕ ಕೊಟ್ಟಿತು. ನಿಜ ಸಂಖ್ಯೆ ಅದಕ್ಕಿಂತ ಕಡಿಮೆ ಅಂತ ಇತಿಹಾಸಕಾರರು ಹೇಳುತ್ತಾರೆ. ಎರಡೂ ಕಡೆಯ ಎಲ್ಲ ದಳಗಳ ಲೆಕ್ಕವೂ ಹಾಗೇ ಉಬ್ಬಿತ್ತು. ಕಣ್ಣಾರೆ ಕಂಡ ಪೈಲಟ್‌ನ ಲೆಕ್ಕವೇ ಹೀಗಾದರೆ, ವಾಟ್ಸಾಪ್ ಲೆಕ್ಕ ಹೇಗಿರಬೇಡ?

ಸತ್ತವರೆಲ್ಲ ಶತ್ರುವಿನ ಗುಂಡಿಗೆ ಸತ್ತವರೂ ಅಲ್ಲ. ಆ ಯುದ್ಧದ ವರ್ಷಗಳಲ್ಲಿ ಅಮೆರಿಕದ ವಾಯುಪಡೆ ತನ್ನ ನೆಲದಲ್ಲೇ, ಒಬ್ಬ ಶತ್ರುವೂ ಇಲ್ಲದ ಆಕಾಶದಲ್ಲಿ, ಅಪಘಾತಗಳಿಗೆ ಸುಮಾರು 15 ಸಾವಿರ ಜನರನ್ನು ಕಳೆದುಕೊಂಡಿತು. ಬಹಳಷ್ಟು ಇಪ್ಪತ್ತರ ಆಸುಪಾಸಿನ ಹುಡುಗರು. ಥ್ರಾಟಲ್, ಚಕ್ರ, ಮೋಡ, ಪೆಟ್ರೋಲ್ ಇವೇ ಅವರನ್ನು ಕೊಂದ ಶತ್ರುಗಳು. ಗುರುತು ಹಾಕಿದ ಶತ್ರುವಿಗೆ ಗುಂಡು ಹೊಡೆಯುವುದಷ್ಟೇ ಇರುವ ಆಟ ಈ 15 ಸಾವಿರ ಮಂದಿಯನ್ನು ಲೆಕ್ಕದಿಂದಲೇ ತೆಗೆದುಹಾಕುತ್ತದೆ.

ಇದೆಲ್ಲ ದೂರದ ದೇಶದ ಮಾತು ಅನ್ನಿಸಿದರೆ ಒಂದು ಹತ್ತಿರದ ಎಳೆ ಇದೆ. ಆಗ ಬ್ರಿಟಿಷ್ ವಾಯುಪಡೆಯಲ್ಲಿ 129ನೇ ಸ್ಕ್ವಾಡ್ರನ್ ಅಂತ ಇತ್ತು, ಅದರ ಹೆಸರೇ 'ಮೈಸೂರು ಸ್ಕ್ವಾಡ್ರನ್'. ಮೈಸೂರು ಸಂಸ್ಥಾನ ಕೊಟ್ಟ ಹಣದ ನೆನಪಿಗೆ ಇಟ್ಟ ಹೆಸರದು. 1941ರಲ್ಲಿ ಸ್ಪಿಟ್‌ಫೈರ್‌ಗಳೊಂದಿಗೆ ಶುರುವಾಗಿ, 1944ರಲ್ಲಿ ಮಸ್ಟಾಂಗ್‌ಗೆ ಬದಲಾಗಿ, ಜರ್ಮನಿ ಕಳಿಸುತ್ತಿದ್ದ ಪೈಲಟ್ ಇಲ್ಲದ ವಿ-1 ಹಾರುವ ಬಾಂಬ್‌ಗಳನ್ನೂ ಬೆನ್ನಟ್ಟಿತು. ಅದರ ಲಾಂಛನದಲ್ಲಿ ಇದ್ದದ್ದು ಗಂಡಭೇರುಂಡ. ಇವತ್ತು ನಮ್ಮ ಪಹಣಿ, ಪಡಿತರ ಚೀಟಿ ಕೊಡುವ ಸರ್ಕಾರದ ಮುದ್ರೆಯಲ್ಲಿರುವ ಅದೇ ಎರಡು ತಲೆಯ ಹಕ್ಕಿ. ಮೈಸೂರಿನ ರೈತರ ಕಂದಾಯವೂ ಆ ಎಂಜಿನ್‌ಗಳ ಪೆಟ್ರೋಲಿನಲ್ಲಿ ಸ್ವಲ್ಪ ಉರಿದಿದೆ ಅಂತ ನಾವು ಅಂದುಕೊಳ್ಳುತ್ತೇವೆ.

ನಮ್ಮ ಮಾತಿಗೆ ಎದುರು ಮಾತುಗಳಿವೆ. ಯುದ್ಧವನ್ನು ಆಟ ಮಾಡಿಕೊಳ್ಳೋದೇ ತಪ್ಪಲ್ಲವಾ ಅನ್ನುವವರ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಸ್ವಿಚ್ಚು ಸ್ವಿಚ್ಚನ್ನೂ ಸರಿಯಾಗಿ ಮಾಡಿರುವ ಸಿಮ್ಯುಲೇಟರ್ ಕೂಡ ಒಂದು ಕಡೆ ಮುಖ ತಿರುಗಿಸುತ್ತದೆ. ಸ್ಪಿಟ್‌ಫೈರ್‌ನ ಪೆಟ್ರೋಲ್ ಟ್ಯಾಂಕ್ ಇದ್ದದ್ದು ಪೈಲಟ್‌ನ ಎದುರಿಗೇ, ಮೊಣಕಾಲಿನ ಮುಂದೆ. ಅದಕ್ಕೆ ಬೆಂಕಿ ತಗುಲಿದರೆ ಕೆಲವೇ ಸೆಕೆಂಡಿನಲ್ಲಿ ಮುಖ, ಕೈ ಬೇಯುತ್ತಿದ್ದವು. ಹಾಗೆ ಸುಟ್ಟ ಮುಖಗಳಿಗೆ ಇಂಗ್ಲೆಂಡಿನ ಈಸ್ಟ್ ಗ್ರಿನ್‌ಸ್ಟೆಡ್ ಆಸ್ಪತ್ರೆಯಲ್ಲಿ ಆರ್ಚಿಬಾಲ್ಡ್ ಮೆಕಿಂಡೊ ಎಂಬ ಸರ್ಜನ್ ಹೊಸ ಚರ್ಮ ಕಸಿ ಮಾಡುತ್ತಿದ್ದರು. ಆಗಿನ್ನೂ ಪ್ರಯೋಗದ ಹಂತದಲ್ಲಿದ್ದ ಚಿಕಿತ್ಸೆ ಅದು, ಹಾಗಾಗಿ ಆ ರೋಗಿಗಳು ಪ್ರಯೋಗಾಲಯದ ಗಿನಿಪಿಗ್‌ಗಳ ಹೆಸರಿನಲ್ಲಿ 1941ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. ಯುದ್ಧ ಮುಗಿಯುವ ಹೊತ್ತಿಗೆ ಅದರಲ್ಲಿ 649 ಸದಸ್ಯರು. ಸಿಮ್ಯುಲೇಟರ್‌ನಲ್ಲಿ ಬೆಂಕಿ ಬಿದ್ದರೆ ಒಂದು ಕೀ ಒತ್ತಿ ಮತ್ತೆ ಶುರು ಮಾಡಬಹುದು. ಆ ಕೀ ಒತ್ತುವಾಗಲಾದರೂ ಈ ಸಂಖ್ಯೆ ನೆನಪಿರಲಿ ಅಂತ ಇಲ್ಲಿ ಬರೆದೆವು.

ಇನ್ನೊಂದು ಎದುರು ಮಾತು ದುಡ್ಡಿನದು. ಇದು ಪೂರಾ ನಿಜ. ಇದಕ್ಕೆ ಒಳ್ಳೆಯ ಕಂಪ್ಯೂಟರ್ ಬೇಕು, ಜಾಯ್‌ಸ್ಟಿಕ್ ಬೇಕು, ಹತ್ತಾರು ಜಿಬಿ ಇಳಿಸಿಕೊಳ್ಳಬೇಕು, ಫೋನಿನ ದಿನದ ಡೇಟಾದಲ್ಲಿ ಆಗುವ ಮಾತಲ್ಲ. ಸಾಲ ಮಾಡಿ ತರುವ ವಸ್ತುವಂತೂ ಅಲ್ಲವೇ ಅಲ್ಲ. ಆದರೆ ಫೋನಿನಲ್ಲಿ ಆಡಲಾಗದಿದ್ದರೂ ನೋಡಲು ಅಡ್ಡಿಯಿಲ್ಲ. ಯೂಟ್ಯೂಬ್‌ನಲ್ಲಿ 'ಕೋಲ್ಡ್ ಸ್ಟಾರ್ಟ್' ಅಂತ ಹುಡುಕಿದರೆ ತಣ್ಣಗೆ ನಿಂತ ಮಸ್ಟಾಂಗನ್ನು ಒಂದೊಂದೇ ಸ್ವಿಚ್ ಒತ್ತಿ ಎಬ್ಬಿಸುವ ವಿಡಿಯೊಗಳು ಸಿಗುತ್ತವೆ. ಪಂಪ್‌ಸೆಟ್ ರಿಪೇರಿ ಮಾಡುವ, ಹಳೇ ಟ್ರ್ಯಾಕ್ಟರ್ ಇಟ್ಟುಕೊಂಡಿರುವ ಯಾರಿಗಾದರೂ ಇದು ಸಿನಿಮಾಕ್ಕಿಂತ ಚೆನ್ನಾಗಿರುತ್ತದೆ. ಇಂಗ್ಲಿಷ್ ಬರದಿದ್ದರೂ ಎಂಜಿನ್ ಹತ್ತುವ ಸದ್ದು ಅರ್ಥವಾಗುತ್ತದೆ.

ತಾಲ್ಲೂಕಿನಲ್ಲಿ ಓದುವ, ಕಂಪ್ಯೂಟರ್ ಸಿಗುವ ಹುಡುಗ ಹುಡುಗಿಯರಿಗೆ ನಮ್ಮ ಸಲಹೆ ಇಷ್ಟು. ಡಿಸಿಎಸ್ ವರ್ಲ್ಡ್ ಜೊತೆ ಒಂದು ಮಸ್ಟಾಂಗ್ ಪುಕ್ಕಟೆ ಬರುತ್ತದೆ, ಟಿಎಫ್-51 ಅಂತ. ತರಬೇತಿಯ ವಿಮಾನ, ಅದರಲ್ಲಿ ಗನ್ನೇ ಇಲ್ಲ. ಮೊದಲು ಅದನ್ನೇ ಹಾರಿಸಿ. ಎಂಜಿನ್ ತಾವೇ ಎಬ್ಬಿಸಿ, ಎಣ್ಣೆ ಬೆಚ್ಚಗಾಗಲು ಕಾದು, ಹಾವಿನಂತೆ ರನ್‌ವೇಗೆ ಹೋಗಿ, ಒಂದು ಸುತ್ತು ಹಾಕಿ, ಚಕ್ರ ಇಳಿದಿದೆ ಅಂತ ಹಸಿರು ದೀಪ ನೋಡಿಕೊಂಡು ಕೆಳಗಿಳಿಸಿ. ಹತ್ತು ಸಲ ಮುರಿಯದೆ ಇಳಿಸಲು ಬಂದರೆ ಆಮೇಲೆ ಗನ್ ಇರುವ ವಿಮಾನದ ಮಾತು. ಅದಕ್ಕೆ ದುಡ್ಡು ಕೊಡಬೇಕು, ಮನೆಯಲ್ಲಿ ಕೇಳಿ.